ಬೀದಿ ಊರಿನದು, ಬಾಗಿಲು ಯಾರದು?

ಪೇಟೆಬೀದಿಯಲ್ಲಿ ವಾಹನ ನಿಷೇಧಿಸಿ ಅದನ್ನು ನಡೆದಾಡುವವರಿಗೇ ಬಿಟ್ಟರೆ ನಗರಸಭೆ ಯಾರ ನಿವೇಶನವನ್ನೂ ಕಿತ್ತುಕೊಂಡಂತಾಗುವುದಿಲ್ಲ. ಬೀದಿ ಸಾರ್ವಜನಿಕರದು. ಆದರೆ ತನ್ನ ಬಾಗಿಲವರೆಗೆ ಸರಕಿನ ಲಾರಿ ಬರದಂತಾದಾಗ ಕಟ್ಟಡದ ಮಾಲೀಕ ಪರಿಹಾರ ಕೇಳಬಹುದೇ? ಈ ಪ್ರಶ್ನೆಗೆ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 1960ರಲ್ಲಿ ಕಾನೂನಿನ ಮೂಲಕ ಉತ್ತರ ಹುಡುಕಿತು.

ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಕಾರುಗಳು ಹೆಚ್ಚಿ, ಜನ ನಗರಗಳ ಹೊರವಲಯಕ್ಕೆ ಮನೆ ಬದಲಿಸಿದರು. ಕಾರು ನಿಲ್ಲಿಸಲು ವಿಶಾಲ ಜಾಗವಿದ್ದ ಹೊಸ ಮಳಿಗೆಗಳು ಅವರನ್ನು ಹಿಂಬಾಲಿಸಿದವು. ಹಳೆಯ ಪೇಟೆಗಳು ಸೊರಗಿದವು. ಗಿರಾಕಿಗಳನ್ನು ಮರಳಿ ಕರೆತರಲು ಮಿಷಿಗನ್ ರಾಜ್ಯದ ಕಲಮಜೂ ನಗರ 1959ರಲ್ಲಿ ತನ್ನ ಪೇಟೆಬೀದಿಯ ಒಂದು ಭಾಗವನ್ನು ಪಾದಚಾರಿಗಳಿಗೆ ಮೀಸಲಿಟ್ಟಿತು. ಇತರ ನಗರಗಳೂ ಅದೇ ದಾರಿ ಹಿಡಿದವು.

ಸಾರ್ವಜನಿಕ ಉದ್ದೇಶಕ್ಕೆ ಖಾಸಗಿ ಆಸ್ತಿ ಪಡೆದರೆ ನ್ಯಾಯವಾದ ಪರಿಹಾರ ಕೊಡಬೇಕೆಂದು ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಸೇರಿದ ಐದನೇ ತಿದ್ದುಪಡಿ ಹೇಳುತ್ತದೆ. ರಸ್ತೆ ಬದಿಯ ಮಾಲೀಕನಿಗೆ ರಸ್ತೆಗೆ ಹೋಗಿಬರುವ ಹಕ್ಕಿದೆ, ಅದೂ ಆಸ್ತಿಯೇ ಎಂದು ಅಲ್ಲಿನ ನ್ಯಾಯಾಲಯಗಳು ಒಪ್ಪಿದ್ದವು. ಆದ್ದರಿಂದ ಕ್ಯಾಲಿಫೋರ್ನಿಯಾದ ಕಾನೂನು ಯೋಜನೆಗೆ ಮೊದಲು ಬಹಿರಂಗ ವಿಚಾರಣೆ ಕಡ್ಡಾಯ ಮಾಡಿತು. ನಷ್ಟವಾಗುವುದೆನ್ನುವ ಮಾಲೀಕರು ವಿಚಾರಣೆಯ ಹೊತ್ತಿಗೆ ಲಿಖಿತ ಬೇಡಿಕೆ ಸಲ್ಲಿಸಬೇಕು. ಸಲ್ಲಿಸದಿದ್ದರೆ ಹಕ್ಕು ಬಿಟ್ಟುಕೊಟ್ಟಂತೆ. ಪರಿಹಾರದ ಹಣವನ್ನು ಯೋಜನೆಯಿಂದ ಲಾಭ ಪಡೆಯುವ ಆಸ್ತಿಗಳ ಮೇಲೆ ಕರ ಹಾಕಿ ಎತ್ತಲು ಅವಕಾಶವಿತ್ತು.

ಆದರೆ ಪರಿಹಾರಕ್ಕೆ ಮಿತಿಯಿತ್ತು. ಹೋಗಿಬರುವ ದಾರಿಗೆ ಅಡ್ಡಿಯಾದರೆ ನಷ್ಟ ಕೇಳಬಹುದು; ಮುಂದೆ ಹಾದುಹೋಗುತ್ತಿದ್ದ ವಾಹನಗಳು ಬೇರೆ ರಸ್ತೆ ಹಿಡಿದು ವ್ಯಾಪಾರ ಕುಸಿದರೆ ಸಾಮಾನ್ಯವಾಗಿ ಪರಿಹಾರವಿಲ್ಲ. ಸಂಚಾರ ತನ್ನ ಮುಂದೆಯೇ ಹರಿಯಬೇಕೆಂಬ ಹಕ್ಕು ಯಾರಿಗೂ ಇಲ್ಲವೆಂಬುದು ನ್ಯಾಯಾಲಯಗಳ ನಿಲುವು.

ಈ ಮಿತಿಯ ಅರ್ಥವೇನೆಂಬುದಕ್ಕೆ ಅದೇ ರಾಜ್ಯದ ಫ್ರೆಸ್ನೊ ನಗರ ನಿದರ್ಶನ. ವಿಯೆನ್ನಾ ಮೂಲದ ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್ ಯೋಜನೆಯಂತೆ 1964ರಲ್ಲಿ ಅಲ್ಲಿನ ಫುಲ್ಟನ್ ಬೀದಿ ಕಾರಂಜಿ, ಮರಗಳು, ಶಿಲ್ಪಗಳ ಪಾದಚಾರಿ ಪೇಟೆಯಾಯಿತು. ಮೊದಮೊದಲು ಜನ ಸೇರಿದರು. 1970ರಲ್ಲಿ ನಗರದ ಉತ್ತರಕ್ಕೆ ಫ್ಯಾಷನ್ ಫೇರ್ ಎಂಬ ವ್ಯಾಪಾರ ಸಂಕೀರ್ಣ ತೆರೆಯಿತು. ದೊಡ್ಡ ಮಳಿಗೆಗಳು ಕಾಲಕ್ರಮೇಣ ಫುಲ್ಟನ್ ಬಿಟ್ಟವು. ಊರು ಬೆಳೆದ ದಿಕ್ಕೇ ಬದಲಾಗಿ ಬಂದ ಈ ನಷ್ಟ ಯಾವ ಪರಿಹಾರದ ಲೆಕ್ಕಕ್ಕೂ ಬರುವಂಥದ್ದಲ್ಲ. 2017ರ ಅಕ್ಟೋಬರ್‌ನಲ್ಲಿ ಬೀದಿ ಮತ್ತೆ ಕಾರುಗಳಿಗೆ ತೆರೆಯಿತು.