ಗೋಡೆ ಮ್ಯಾಲಿನ ಸರ್ಟಿಫಿಕೇಟ್, ಹಾಸ್ಟೆಲ್ ಹಿಂದಿನ ನೀರು: ಕಾಲೇಜಿನ ಗ್ರೀನ್ ಆಡಿಟ್ ಕಥೆ

ಇವತ್ತಿನ ಸಂಚಿಕೆ ಒಂದು ಸರ್ಟಿಫಿಕೇಟ್ ಬಗ್ಗೆ. ನೀವು ಕಾಲೇಜಿನಲ್ಲಿ ಇದ್ದರೆ ಪ್ರಿನ್ಸಿಪಾಲರ ಕೋಣೆಯ ಗೋಡೆ ಒಮ್ಮೆ ನೋಡ್ರಿ. 'ಗ್ರೀನ್ ಆಡಿಟ್' ಅಂತ ಬರೆದ ಫ್ರೇಮ್ ಒಂದು ತೂಗಾಡ್ತಿರಬಹುದು. ನಾನು ಬಿ.ಕಾಂ ಓದುವಾಗ ನಮ್ಮ ಕಾಲೇಜಿನಲ್ಲೂ ಅದು ಬಂತು. ಹೆಸರು ಬೇಡ ಬಿಡ್ರಿ. ಗಿಡ ಎಣಿಸುವ ಕೆಲಸ ನಮಗೇ ಬಿತ್ತು. ಗಿಡ ಎಣಿಸಿದೆವು, ಬಲ್ಬ್ ಎಣಿಸಿದೆವು. ಹಾಸ್ಟೆಲ್ ಹಿಂದೆ ಬಚ್ಚಲ ನೀರು ಹರಿದು ಕೊಳೆತು ನಿಂತಿತ್ತು. ಅದನ್ನ ಬರೆಯೋಕೆ ನಮ್ಮ ಹಾಳೆಯಲ್ಲಿ ಕಾಲಂ ಇರಲಿಲ್ಲ.

ತಮಾಷೆ ಅಂದ್ರೆ, ಅದೇ ವರ್ಷ ಕ್ಲಾಸಿನಲ್ಲಿ ಆಡಿಟಿಂಗ್ ಪಾಠ ನಡೀತಿತ್ತು. ಪುಸ್ತಕದಲ್ಲಿ ಬರೆದಿರೋ ಮಾಲು ಗೋಡೌನ್‌ನಲ್ಲಿ ಇದೆಯಾ ಅಂತ ಹೋಗಿ ನೋಡೋದು ಆಡಿಟ್. ಹಾಗಿದ್ರೆ ಕಾಲೇಜಿನ ಪರಿಸರದ ವಿಷಯಕ್ಕೆ ಪುಸ್ತಕ ಯಾವುದು, ಗೋಡೌನ್ ಯಾವುದು?

ಪುಸ್ತಕ ಅಂದ್ರೆ ಕಾನೂನು. ಜಲ ಕಾಯ್ದೆ ಬಂದದ್ದು 1974ರಲ್ಲಿ, ವಾಯು ಕಾಯ್ದೆ 1981ರಲ್ಲಿ. 1984ರಲ್ಲಿ ಭೋಪಾಲ್ ದುರಂತ ಆಯ್ತು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಆ ಕಾಯ್ದೆಯ ಕೆಳಗೆ 1992ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಒಂದು ನಿಯಮ ತಂತು: ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆಯಬೇಕಾದವರು ವರ್ಷಕ್ಕೊಮ್ಮೆ 'ಪರಿಸರ ಆಡಿಟ್ ವರದಿ' ಕೊಡಬೇಕು. ಎಷ್ಟು ನೀರು ಬಳಸಿದಿರಿ, ಎಷ್ಟು ಕೊಳಕು ಹೊರಗೆ ಬಿಟ್ಟಿರಿ, ಎಲ್ಲಾ ಬರೀಬೇಕು. ಮರುವರ್ಷ ಅದರ ಹೆಸರು 'ಪರಿಸರ ಹೇಳಿಕೆ' ಅಂತಾಯ್ತು. ಆ ಫಾರ್ಮ್ ಬರೆದವರ ಕಣ್ಣ ಮುಂದೆ ಇದ್ದದ್ದು ಕಾರ್ಖಾನೆ, ಡಿಗ್ರಿ ಕಾಲೇಜು ಅಲ್ಲ.

ಕಾಲೇಜಿಗೆ ಆಡಿಟ್ ಬಂದದ್ದು ಬೇರೆ ಬಾಗಿಲಿಂದ. 1994ರಲ್ಲಿ ನ್ಯಾಕ್ ಶುರುವಾಯ್ತು, ಅದರ ಕಚೇರಿ ನಮ್ಮ ಬೆಂಗಳೂರಿನಲ್ಲೇ ಇದೆ. 2017ರಲ್ಲಿ ಅದು ಅಂಕ ಕೊಡುವ ಪದ್ಧತಿ ಬದಲಿಸಿತು. ಆಮೇಲೆ ಗ್ರೀನ್ ಆಡಿಟ್, ಎನರ್ಜಿ ಆಡಿಟ್ ಅನ್ನೋದು ಎಲ್ಲಾ ಕಾಲೇಜುಗಳ ಬಾಯಲ್ಲಿ ಬಂತು. ಗ್ರೇಡ್‌ಗೋಸ್ಕರ ಆಡಿಟ್. ಆಡಿಟರ್‌ನ ಹುಡುಕೋದು ಕಾಲೇಜು, ದುಡ್ಡು ಕೊಡೋದೂ ಕಾಲೇಜು. ಅಂಥವರು ಹಾಸ್ಟೆಲ್ ಹಿಂದೆ ಹೋಗಿ ನೋಡ್ತಾರಾ?

ಕಾನೂನು ಮಾತ್ರ ಸುಮ್ಮನೆ ಕೂತಿರಲಿಲ್ಲ. 2016ರ ಘನತ್ಯಾಜ್ಯ ನಿಯಮ ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವ ಕಾಲೇಜನ್ನೂ 'ಬಲ್ಕ್' ಉತ್ಪಾದಕರ ಲೆಕ್ಕಕ್ಕೆ ತಂತು. 2006ರ ಅಧಿಸೂಚನೆ ಪ್ರಕಾರ 20,000 ಚದರ ಮೀಟರ್ ದಾಟಿದ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು. 2014ರ ಡಿಸೆಂಬರ್‌ನಲ್ಲಿ ಶಾಲೆ, ಕಾಲೇಜು, ಹಾಸ್ಟೆಲ್‌ಗೆ ಇದರಿಂದ ವಿನಾಯಿತಿ ಕೊಟ್ಟರು. 2025ರ ಜನವರಿಯಲ್ಲಿ ಅಂಥದ್ದೇ ವಿನಾಯಿತಿ ಮತ್ತೆ ಬಂದಾಗ, ಆಗಸ್ಟ್ 5ರಂದು ಸುಪ್ರೀಂ ಕೋರ್ಟ್ ಅದನ್ನ ಹೊಡೆದು ಹಾಕಿತು. ಅದೇ ತಿಂಗಳು ಕೇಂದ್ರ ಸರ್ಕಾರ ಪರಿಸರ ಆಡಿಟ್ ನಿಯಮಗಳನ್ನೂ ಹೊರಡಿಸಿತು. ಅದರಲ್ಲಿ ನೋಂದಾಯಿತ ಆಡಿಟರ್‌ಗಳು ಇರ್ತಾರೆ, ಯಾರು ಎಲ್ಲಿಗೆ ಹೋಗಬೇಕು ಅಂತ ಲಾಟರಿ ಥರ ಹಂಚ್ತಾರೆ. ಆಡಿಟರ್‌ನ ಆರಿಸಿಕೊಳ್ಳೋ ಹಾಗಿಲ್ಲ. ಕಾಮರ್ಸ್ ಓದಿದವನಿಗೆ ಈ ಒಂದು ಸಾಲು ಓದಿ ಭಾರಿ ಖುಷಿ ಆಯ್ತು.

ಇದಿಷ್ಟು ಪುಸ್ತಕ. ಇನ್ನು ಗೋಡೌನ್. ಅದು ನಮ್ಮ ಕಾಲ ಕೆಳಗಿನ ನೆಲ.

ಆದಿಲ್‌ಶಾಹಿ ಕಾಲದಲ್ಲಿ ತೊರವಿ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ವಿಜಯಪುರಕ್ಕೆ ನೀರು ಬರ್ತಿತ್ತು. ಆ ಸುರಂಗದ ಮೇಲೆ ಸಾಲಾಗಿ ಬಾವಿಯಂಥ ಬಾಯಿಗಳು. ಗಾಳಿ ಆಡೋಕೆ, ಒಳಗಿಳಿದು ಹೂಳು ತೆಗೆಯೋಕೆ. ಊರೊಳಗೆ ಗಂಜ್ ಅನ್ನೋ ಗೋಪುರಗಳು ನೀರಿನ ಒತ್ತಡ ಇಳಿಸ್ತಿದ್ದವು. 1651ರ ಬೇಗಂ ತಲಾಬ್‌ನಿಂದ ಮಣ್ಣಿನ ಕೊಳವೆಯಲ್ಲಿ ನೀರು ಹರೀತಿತ್ತು. ಅಂದ್ರೆ ಕಟ್ಟುವಾಗಲೇ ಇಳಿದು ನೋಡೋಕೆ ದಾರಿ ಬಿಟ್ಟಿದ್ದರು. ಮಹಿಳಾ ವಿಶ್ವವಿದ್ಯಾಲಯದ ಕ್ಯಾಂಪಸ್ ಇವತ್ತು ಇರೋದು ಅದೇ ತೊರವಿಯಲ್ಲಿ. ನೋಡೋದು ಬಿಟ್ಟರೆ ಏನಾಗತೈತಿ ಅಂತ ತಾಜ್ ಬಾವಡಿಯೇ ಹೇಳತೈತಿ. 1620ರ ಸುಮಾರಿಗೆ ಕಟ್ಟಿದ ಬಾವಿ ಕಸ, ಗಣಪತಿ ವಿಸರ್ಜನೆಯಿಂದ ಕೆಟ್ಟುಹೋಗಿ, ಕೊನೆಗೆ ಹೂಳೆತ್ತಬೇಕಾಯ್ತು.

ತಿಕೋಟಾ, ಬಬಲೇಶ್ವರ ಈಗ ಬೇರೆ ತಾಲ್ಲೂಕುಗಳು. ಬಬಲೇಶ್ವರ ತಾಲ್ಲೂಕಿನ ಮಮದಾಪುರದ ದೊಡ್ಡ ಕೆರೆ 1633ರದ್ದು. ತಿಕೋಟಾದ ದ್ರಾಕ್ಷಿ ತೋಟದವರನ್ನ ಕೇಳ್ರಿ, ಒಂದು ಬೋರ್‌ವೆಲ್ ಬತ್ತಿದರೆ ಏನು ಕಷ್ಟ ಅಂತ. ಇಂಥ ನೆಲದ ಮೇಲೆ ನಿಂತ ಕಾಲೇಜಿಗೆ ಆಡಿಟ್ ಅಂದ್ರೆ ಮೊದಲು ನೀರಿನ ಲೆಕ್ಕ, ಆಮೇಲೆ ಗಿಡದ ಲೆಕ್ಕ.

ಅದಕ್ಕೆ ಈ ವಾರ ನಿಮ್ಮ ಕ್ಯಾಂಪಸ್ ಒಂದು ಸುತ್ತು ಹಾಕ್ರಿ. ನೀರು ಎಲ್ಲಿಂದ ಬರತೈತಿ, ಮೀಟರ್ ಇದೆಯಾ? ಕೆಮಿಸ್ಟ್ರಿ ಲ್ಯಾಬಿನ ಸಿಂಕ್ ನೀರು ಎಲ್ಲಿಗೆ ಹೋಗತೈತಿ? ಹಾಸ್ಟೆಲ್ ಬಚ್ಚಲದ್ದು? ಕೆಟ್ಟ ಕಂಪ್ಯೂಟರ್‌ಗಳನ್ನ ಯಾರು ಒಯ್ದರು, ರಸೀದಿ ಇದೆಯಾ? ಆಮೇಲೆ ಕಾಲೇಜಿನ ವೆಬ್‌ಸೈಟ್‌ನಲ್ಲಿ ಗ್ರೀನ್ ಆಡಿಟ್ ವರದಿ ತೆಗೆದು, ಪಕ್ಕಕ್ಕೆ ಇಟ್ಟು ಓದ್ರಿ. ಎರಡೂ ತಾಳೆ ಆದರೆ ಪ್ರಿನ್ಸಿಪಾಲರಿಗೆ ಹೋಗಿ ಅಭಿನಂದನೆ ಹೇಳ್ರಿ. ಆಗದಿದ್ರೆ, ಬರೆದುಕೊಂಡು ಹೋಗಿ ಕೇಳ್ರಿ. ನಾನು ಅವತ್ತು ಕೇಳಲಿಲ್ಲ. ಗಿಡ ಎಣಿಸಿ, ಸಹಿ ಹಾಕಿ ಮನೆಗೆ ಬಂದೆ.

ಮುಂದಿನ ವಾರ ಮತ್ತೆ ಸಿಗೋಣ. ಬರ್ತೀನ್ರಿ.