ಮಾಲೆ ಯಾವುದಕ್ಕಾಗಿ? ಒಂಟೆಯ ಕೊರಳಿನಿಂದ ಹ್ಯಾಲೋವೀನ್ ಬಾಗಿಲಿನವರೆಗೆ

ಅಕ್ಟೋಬರ್ ತಿಂಗಳು ಮುಗಿಯುತ್ತಾ ಬಂದಾಗ ನಮ್ಮ ಜಮಾಅತಿನ ಕುಟುಂಬಗಳಿಂದ ಈಚಿನ ವರ್ಷಗಳಲ್ಲಿ ಒಂದು ಪ್ರಶ್ನೆ ಬರತೊಡಗಿದೆ. ಎಮ್ಮೆದೊಡ್ಡಿ, ಕಡೂರು, ತರೀಕೆರೆ, ಅಜ್ಜಂಪುರದಿಂದ ಹೋಗಿ ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೆಲೆಸಿದ ಮಕ್ಕಳು ಊರಿಗೆ ಫೋನ್ ಮಾಡಿ ಕೇಳುತ್ತಾರೆ: "ಅಕ್ಟೋಬರ್ 31ಕ್ಕೆ ಅಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಬಾಗಿಲಿಗೆ ಕಾಗದದ ಮಾಲೆ ಕಟ್ಟುತ್ತಾರೆ. ಬಾವಲಿ, ತಲೆಬುರುಡೆ, ಕುಂಬಳಕಾಯಿ ಮುಖದ ಮಾಲೆ. ಮಕ್ಕಳು ಹಟ ಮಾಡುತ್ತಿವೆ. ನಾವೂ ಕಟ್ಟಬಹುದೇ?" ಊರಿನ ಅಜ್ಜ ಅಜ್ಜಿಯರು ಒಂದೇ ಮಾತಿನಲ್ಲಿ "ಹರಾಮ್" ಎಂದು ಫೋನ್ ಇಡುತ್ತಾರೆ. ಮೊಮ್ಮಗುವಿಗೆ ಮಾತ್ರ ಕಾರಣ ತಿಳಿಯುವುದಿಲ್ಲ.

ಕಾರಣ ತಿಳಿಯದೆ ಪಾಲಿಸಿದ ಮಾತು ಬಹಳ ದಿನ ಬಾಳುವುದಿಲ್ಲ. ಆದ್ದರಿಂದ ಈ ತಿಂಗಳು ನಾವು ಮಾಲೆಯ ಇತಿಹಾಸವನ್ನೇ ಸ್ವಲ್ಪ ನೋಡೋಣ. ಮಾಲೆ ಎಲ್ಲಿಂದ ಬಂತು, ಯಾರು ಯಾವುದಕ್ಕೆ ಕಟ್ಟಿದರು, ನಮ್ಮ ಪ್ರವಾದಿ(ಸ) ಯಾವ ಮಾಲೆಯನ್ನು ಕತ್ತರಿಸಿದರು, ಯಾವ ಮಾಲೆಯನ್ನು ತಾವೇ ಕಟ್ಟಿದರು ಎಂಬುದು ತಿಳಿದರೆ ಉತ್ತರ ತಾನಾಗಿಯೇ ಸಿಗುತ್ತದೆ.

ಹ್ಯಾಲೋವೀನ್ ಎಲ್ಲಿಂದ ಬಂತು?

ಈ ಹೆಸರಿನ ಅರ್ಥ "ಸಂತರ ಹಬ್ಬದ ಮುನ್ನಾದಿನ ಸಂಜೆ" ಎಂದು. ಕ್ರೈಸ್ತರು ನವೆಂಬರ್ 1ರಂದು ಎಲ್ಲ ಸಂತರ ಸ್ಮರಣೆ ಮಾಡುತ್ತಾರೆ. ಕ್ರಿ.ಶ. 609ರಲ್ಲಿ ನಾಲ್ಕನೆಯ ಬೊನಿಫೇಸ್ ಎಂಬ ಪೋಪ್ ರೋಮಿನ ಪ್ಯಾಂಥಿಯನ್ ಎಂಬ ಹಳೆಯ ದೇವಾಲಯವನ್ನು ಮೇರಿ ಮತ್ತು ಹುತಾತ್ಮರ ಹೆಸರಿನಲ್ಲಿ ಚರ್ಚ್ ಮಾಡಿದರು. ಆಗ ಆ ಸ್ಮರಣೆ ಮೇ ತಿಂಗಳಲ್ಲಿ ನಡೆಯುತ್ತಿತ್ತು. ಎಂಟು ಮತ್ತು ಒಂಬತ್ತನೆಯ ಶತಮಾನಗಳಲ್ಲಿ ಅದು ನವೆಂಬರ್ 1ಕ್ಕೆ ನಿಂತಿತು. ಐರ್ಲೆಂಡಿನ ಜನರಿಗೆ ಅದೇ ಹೊತ್ತಿನಲ್ಲಿ ಸುಗ್ಗಿ ಮುಗಿದು ಚಳಿಗಾಲ ಶುರುವಾಗುವ ಸಾವಿನ್ ಎಂಬ ಹಳೆಯ ಹಬ್ಬವಿತ್ತು. ಆ ರಾತ್ರಿ ಸತ್ತವರ ಲೋಕಕ್ಕೂ ಬದುಕಿದವರ ಲೋಕಕ್ಕೂ ನಡುವಿನ ಬಾಗಿಲು ತೆರೆಯುತ್ತದೆಂಬ ನಂಬಿಕೆ ಜನಪದದಲ್ಲಿ ಉಳಿಯಿತು. ಈ ಎರಡು ಹಬ್ಬಗಳು ಎಷ್ಟರಮಟ್ಟಿಗೆ ಬೆರೆತವು ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಆದರೆ ದುಷ್ಟಶಕ್ತಿಗಳನ್ನು ಹೆದರಿಸಿ ಓಡಿಸಲು ಅಲ್ಲಿನ ಜನ ಟರ್ನಿಪ್ ಗೆಡ್ಡೆಯಲ್ಲಿ ವಿಕಾರ ಮುಖ ಕೆತ್ತಿ ಒಳಗೆ ದೀಪ ಇಡುತ್ತಿದ್ದರು.

1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಭೀಕರ ಕ್ಷಾಮ ಬಂತು. ಲಕ್ಷಾಂತರ ಜನ ಸತ್ತರು, ಲಕ್ಷಾಂತರ ಜನ ಹಡಗು ಹತ್ತಿ ಅಮೆರಿಕ ಸೇರಿದರು. ಅವರ ಜೊತೆಗೆ ಈ ಆಚರಣೆಯೂ ಹೋಯಿತು. ಅಲ್ಲಿ ಗೆಡ್ಡೆಯ ಬದಲು ದೊಡ್ಡ ಕುಂಬಳಕಾಯಿ ಸಿಕ್ಕಿತು. ಆಮೇಲೆ ವ್ಯಾಪಾರಿಗಳು ಬಂದರು. ಡೆನಿಸನ್ ಎಂಬ ಅಮೆರಿಕದ ಕಾಗದ ಕಂಪನಿ 1909ರಲ್ಲಿ ಹ್ಯಾಲೋವೀನಿಗೆ ಮನೆ ಅಲಂಕರಿಸುವುದು ಹೇಗೆಂದು ಪುಸ್ತಕವನ್ನೇ ಅಚ್ಚು ಹಾಕಿತು. ಅದರಲ್ಲಿ ಹೇಳಿದ ಬಣ್ಣದ ಕಾಗದವನ್ನು ಮಾರುತ್ತಿದ್ದುದೂ ಅದೇ ಕಂಪನಿ. ಇಂದು ಅಂಗಡಿಯಲ್ಲಿ ತೂಗುವ ತಲೆಬುರುಡೆ ಮಾಲೆಯ ವಂಶಾವಳಿ ಇದು: ಅರ್ಧ ಭಯದಿಂದ ಹುಟ್ಟಿದ್ದು, ಅರ್ಧ ಮಾರಾಟದಿಂದ.

ಮೆಕ್ಸಿಕೋ ದೇಶದಲ್ಲಿ ನವೆಂಬರ್ 1 ಮತ್ತು 2ರಂದು ಮೃತರ ದಿನ ಆಚರಿಸುತ್ತಾರೆ. ಸತ್ತವರ ಆತ್ಮ ದಾರಿ ಹಿಡಿದು ಮನೆಗೆ ಬರಲೆಂದು ಚೆಂಡು ಹೂವಿನ ಮಾಲೆ ಕಟ್ಟುತ್ತಾರೆ, ದಳಗಳನ್ನು ದಾರಿಯುದ್ದಕ್ಕೂ ಚೆಲ್ಲುತ್ತಾರೆ. ನಮ್ಮ ಸಂತೆಗಳಲ್ಲಿ ರಾಶಿ ರಾಶಿಯಾಗಿ ಬರುವ ಚೆಂಡು ಹೂವಿನ ತವರು ಅದೇ ಮೆಕ್ಸಿಕೋ.

ನಮ್ಮ ಬಾಗಿಲಿನ ಮೇಲೆ ಏನಿದೆ?

ಈಗ ನಮ್ಮ ಊರಿನ ಕಡೆ ತಿರುಗೋಣ. ಹೊಸ ಮನೆ ಕಟ್ಟುವಾಗ ಮುಂದೆ ತೂಗುಹಾಕುವ ದೃಷ್ಟಿಗೊಂಬೆ, ಕೋರೆಹಲ್ಲಿನ ಮುಖ ಬರೆದ ಬೂದುಗುಂಬಳ, ಅಂಗಡಿ ಬಾಗಿಲಿಗೆ ನಿಂಬೆ ಮತ್ತು ಮೆಣಸಿನಕಾಯಿ ಪೋಣಿಸಿದ ಮಾಲೆ, ಲಾರಿಯ ಮುಂದೆ ಕಪ್ಪು ಜಡೆ. ಇವನ್ನು ಕಟ್ಟುವವರಲ್ಲಿ ಕಲಿಮಾ ಹೇಳಿದ ಮನೆಗಳೂ ಇವೆ ಎಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ಹೆದರಿಸುವ ಮುಖ, ಕುಂಬಳಕಾಯಿ, ಬಾಗಿಲು: ಐರ್ಲೆಂಡಿನ ರೈತ ಮಾಡಿದ್ದಕ್ಕೂ ನಮ್ಮ ಬೀದಿಯಲ್ಲಿ ನಡೆಯುವುದಕ್ಕೂ ಉದ್ದೇಶದಲ್ಲಿ ವ್ಯತ್ಯಾಸವೇನು?

"ಇದು ಹಿರಿಯರ ಕಾಲದಿಂದ ಬಂದದ್ದು" ಎನ್ನುತ್ತಾರೆ. ಆದರೆ ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. 1492ರಲ್ಲಿ ಕೊಲಂಬಸ್ ಆ ಕಡೆ ಹೋಗುವ ಮೊದಲು ನಮ್ಮ ನಾಡಿನ ಯಾರೂ ಅದನ್ನು ಕಂಡಿರಲಿಲ್ಲ. ಪೋರ್ಚುಗೀಸರ ಹಡಗುಗಳು ಬಂದಮೇಲೆ ಅದು ಇಲ್ಲಿಗೆ ಬಂತು. ಹಾಗಾದರೆ ಅದಕ್ಕೂ ಮೊದಲಿನ ಸಾವಿರಾರು ವರ್ಷ ಈ ಮನೆಗಳನ್ನು ಕಾಪಾಡಿದವರು ಯಾರು? ಮೆಣಸಿನಕಾಯಿ ಇಲ್ಲದಾಗಲೂ ಕಾಪಾಡಿದವನು ಇಂದಿಗೂ ಕಾಪಾಡುತ್ತಾನೆ.

ಕತ್ತರಿಸಿದ ಮಾಲೆ

ನಮ್ಮದು ದನಕರುಗಳ ಸೀಮೆ. ಎಮ್ಮೆದೊಡ್ಡಿ ಎಂಬ ಹೆಸರಿನಲ್ಲೇ ಎಮ್ಮೆಯೂ ಇದೆ, ದೊಡ್ಡಿಯೂ ಇದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದಿದ್ದ ಅರಮನೆಯ ದನಗಳ ಇಲಾಖೆಗೆ ಅಮೃತ್ ಮಹಲ್ ಎಂಬ ಹೆಸರು ಕೊಟ್ಟವನು ಟಿಪ್ಪು ಸುಲ್ತಾನ್. ಫಿರಂಗಿ ಎಳೆಯಲು, ಸೈನ್ಯದ ಸಾಮಾನು ಹೊರಲು ಆ ಎತ್ತುಗಳೇ ಬೇಕಾಗಿದ್ದವು. ಅವು ಮೇಯುತ್ತಿದ್ದ ಕಾವಲುಗಳು ಕಡೂರು ಸೀಮೆಯಲ್ಲಿ ಇಂದಿಗೂ ಇವೆ. ಅಜ್ಜಂಪುರದಲ್ಲಿ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಇಂಥ ಸೀಮೆಯವರಿಗೆ ಮುಂದಿನ ಎರಡು ಘಟನೆಗಳು ಬೇಗ ಅರ್ಥವಾಗುತ್ತವೆ.

ಅಬೂ ಬಶೀರ್ ಅನ್ಸಾರಿ(ರ) ಎಂಬ ಸಹಾಬಿ ಹೇಳಿದ ವಿಷಯ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಒಂದು ಪ್ರಯಾಣದಲ್ಲಿ ಪ್ರವಾದಿ(ಸ) ಜನರ ಬಿಡಾರಕ್ಕೆ ದೂತನನ್ನು ಕಳಿಸಿ, ಯಾವ ಒಂಟೆಯ ಕೊರಳಲ್ಲೂ ಬಿಲ್ಲಿನ ನರದ ಮಾಲೆ ಉಳಿಯಬಾರದು, ಕತ್ತರಿಸಿಬಿಡಬೇಕು ಎಂದು ಸಾರಿಸಿದರು. ಏಕೆ? ಇಮಾಮ್ ಮಾಲಿಕ್(ರಹ್) ತಮ್ಮ ಮುವತ್ತಾದಲ್ಲಿ ಈ ಹದೀಸಿನ ಜೊತೆಗೇ ತಮ್ಮ ಅಭಿಪ್ರಾಯ ಬರೆದಿದ್ದಾರೆ: ಅದು ಕಣ್ಣುದೃಷ್ಟಿಯ ನಂಬಿಕೆಯ ಕಾರಣಕ್ಕೆ. ಆ ನರ ಕಟ್ಟಿದರೆ ಒಂಟೆಗೆ ದೃಷ್ಟಿ ತಾಗದು ಎಂದು ಅರಬರು ನಂಬಿದ್ದರು.

ಕಣ್ಣುದೃಷ್ಟಿ ಸುಳ್ಳೆಂದು ಇಸ್ಲಾಮ್ ಹೇಳಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಅದು ನಿಜವೆಂದೇ ಸಹೀಹ್ ಹದೀಸ್‌ಗಳಿವೆ. ಪ್ರವಾದಿ(ಸ) ನಿರಾಕರಿಸಿದ್ದು ಅದಕ್ಕೆ ಜನ ಹುಡುಕಿಕೊಂಡ ಮದ್ದನ್ನು. ಒಣಗಿದ ನರಕ್ಕೆ ಕಾಪಾಡುವ ಶಕ್ತಿ ಇದೆಯೆಂದು ನಂಬಿದಾಗ ಮನಸ್ಸು ಅಲ್ಲಾಹನಿಂದ ಸರಿದು ಆ ನರಕ್ಕೆ ಕಟ್ಟಿಕೊಳ್ಳುತ್ತದೆ. ಬೈಅತ್ ಮಾಡಲು ಬಂದ ಹತ್ತು ಜನರಲ್ಲಿ ಒಂಬತ್ತು ಜನರ ಕೈ ಹಿಡಿದು, ತಾಯಿತ ಧರಿಸಿದ್ದ ಒಬ್ಬರನ್ನು ಪ್ರವಾದಿ(ಸ) ತಡೆದರು. ಅವರು ಅದನ್ನು ಕಿತ್ತ ಮೇಲೆ ಅವರ ಬೈಅತ್ ಸ್ವೀಕರಿಸಿದರು ಎಂದು ಮುಸ್ನದ್ ಅಹ್ಮದ್‌ನಲ್ಲಿ ಉಕ್ಬಾ ಬಿನ್ ಆಮಿರ್(ರ) ವರದಿ ಮಾಡಿದ್ದಾರೆ. ಕುರ್‌ಆನಿನ ಆಯತ್ ಬರೆದು ಕಟ್ಟುವ ವಿಷಯದಲ್ಲಿ ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ಆ ಚರ್ಚೆ ಬೇರೆ. ನಿಂಬೆಹಣ್ಣು, ಗೊಂಬೆಮುಖ, ಕಪ್ಪು ದಾರದ ವಿಷಯದಲ್ಲಿ ಭಿನ್ನಾಭಿಪ್ರಾಯವೇ ಇಲ್ಲ.

ಕಟ್ಟಿದ ಮಾಲೆ

ಇಷ್ಟು ಕೇಳಿ ಯಾರಾದರೂ "ಹಾಗಾದರೆ ಇಸ್ಲಾಮಿನಲ್ಲಿ ಮಾಲೆಯೇ ಇಲ್ಲ" ಎಂದುಕೊಂಡರೆ ಅದು ತಪ್ಪು. ಮಾಲೆ ತೊಡಿಸಿದ ಬಲಿಪ್ರಾಣಿಗಳ ಹೆಸರು ಕುರ್‌ಆನಿನ ಸೂರಃ ಅಲ್-ಮಾಇದಾದಲ್ಲಿ ಗೌರವದ ಸಾಲಿನಲ್ಲಿ ಬಂದಿದೆ. ಹಜ್ಜಿಗೆ, ಉಮ್ರಾಕ್ಕೆ ಕಅಬಾದ ಕಡೆ ಹೋಗುವ ಪ್ರಾಣಿಯ ಕೊರಳಿಗೆ ಗುರುತಿಗಾಗಿ ಮಾಲೆ ಹಾಕುತ್ತಿದ್ದರು. ಆ ಮಾಲೆಗಳನ್ನು ಹೊಸೆದವರು ನಮ್ಮ ತಾಯಿ ಆಯಿಶಾ(ರ). ಮನೆಯಲ್ಲಿದ್ದ ಬಣ್ಣದ ಉಣ್ಣೆಯಿಂದ ತಮ್ಮ ಕೈಯಾರೆ ಹೊಸೆದೆ ಎಂದು ಅವರೇ ಹೇಳಿದ್ದಾರೆ. ಪ್ರವಾದಿ(ಸ) ತಮ್ಮ ಕೈಯಿಂದ ಪ್ರಾಣಿಗಳಿಗೆ ಆ ಮಾಲೆ ತೊಡಿಸಿ, ಆಯಿಶಾರ ತಂದೆ ಅಬೂಬಕರ್(ರ)ರ ಜೊತೆ ಕಳಿಸಿದರು.

ಹಿಜರಿ 6ನೇ ವರ್ಷ, ಕ್ರಿ.ಶ. 628ರಲ್ಲಿ, ಹುದೈಬಿಯಾದಲ್ಲಿ ಈ ಮಾಲೆ ಒಂದು ದೊಡ್ಡ ಕೆಲಸ ಮಾಡಿತು. ಪ್ರವಾದಿ(ಸ) ಸುಮಾರು 1400 ಸಹಾಬಿಗಳೊಂದಿಗೆ ಉಮ್ರಾಕ್ಕೆ ಹೊರಟಿದ್ದರು. ಇವರು ಯುದ್ಧಕ್ಕೇ ಬಂದಿದ್ದಾರೆಂದು ಮಕ್ಕಾದ ಕುರೈಶರು ದಾರಿಗೆ ಅಡ್ಡ ನಿಂತರು. ನೋಡಿಕೊಂಡು ಬರಲು ಕಿನಾನಾ ಗೋತ್ರದವನೊಬ್ಬ ಹೊರಟ. ಅವನು ದೂರದಲ್ಲಿ ಕಂಡಾಗಲೇ ಪ್ರವಾದಿ(ಸ), ಇವನು ಬಲಿಪ್ರಾಣಿಗಳನ್ನು ಗೌರವಿಸುವ ಜನರವನು, ಅವುಗಳನ್ನು ಇವನ ಎದುರಿಗೆ ಬಿಡಿ ಎಂದರು. ಕೊರಳಲ್ಲಿ ಮಾಲೆ ಹಾಕಿಕೊಂಡ ಒಂಟೆಗಳು ಎದುರು ಬಂದವು, ಜನ ಲಬ್ಬೈಕ್ ಹೇಳುತ್ತಾ ನಿಂತರು. ಅವನು ಹಿಂದಿರುಗಿ, ಇಂಥವರನ್ನು ಕಅಬಾದಿಂದ ತಡೆಯುವುದು ನ್ಯಾಯವಲ್ಲ ಎಂದು ಕುರೈಶರಿಗೇ ಹೇಳಿದ. ಎದುರಾಳಿಯ ಮನಸ್ಸಿನಲ್ಲೂ ಶಾಂತಿಯ ಮಾತನ್ನು ಬಿತ್ತಿದ್ದು ಆ ಉಣ್ಣೆಯ ಮಾಲೆ.

ಎರಡೂ ಒಂಟೆಯ ಕೊರಳ ಮಾಲೆಗಳೇ. ಒಂದನ್ನು ಕತ್ತರಿಸಲು ಆಜ್ಞೆಯಾಯಿತು, ಇನ್ನೊಂದನ್ನು ಪ್ರವಾದಿ(ಸ) ತಾವೇ ತೊಡಿಸಿದರು. ಮೊದಲನೆಯದು ಭಯದ ಮಾಲೆ; ಕಾಪಾಡು ಎಂದು ಅದನ್ನೇ ಬೇಡುವಂಥದ್ದು. ಎರಡನೆಯದು ಅರ್ಪಣೆಯ ಮಾಲೆ. ಈ ಪ್ರಾಣಿ ಅಲ್ಲಾಹನಿಗೆ ಎಂಬ ಗುರುತು. ಉಣ್ಣೆಯೋ ನರವೋ, ಹೂವೋ ಕಾಗದವೋ ಎಂಬುದು ಪ್ರಶ್ನೆಯಲ್ಲ. ಯಾವುದಕ್ಕಾಗಿ ಕಟ್ಟಿದ್ದೇವೆ ಎಂಬುದು ಪ್ರಶ್ನೆ.

ಹೂವಿಗೂ ಚೆಲುವಿಗೂ ಮುಸ್ಲಿಮರು ಎಂದೂ ಶತ್ರುಗಳಾಗಿರಲಿಲ್ಲ. 1443ರಲ್ಲಿ ಹೆರಾತಿನ ಸುಲ್ತಾನ ಶಾಹರುಖ್‌ನ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುರ್ರಝಾಕ್, ಅಲ್ಲಿನ ಬಜಾರಿನ ಗುಲಾಬಿ ವ್ಯಾಪಾರವನ್ನು ಬೆರಗಿನಿಂದ ಬರೆದಿದ್ದಾನೆ. ಆ ಜನರಿಗೆ ಹೂವು ಅನ್ನದಷ್ಟೇ ಅಗತ್ಯವೆಂದು ಅವನಿಗೆ ತೋರಿತು. ಬೆಂಗಳೂರಿಗೆ ಲಾಲ್‌ಬಾಗ್ ತೋಟ ಕೊಟ್ಟವರು ಹೈದರ್ ಅಲಿ ಮತ್ತು ಟಿಪ್ಪು. ನಮ್ಮ ಮದುವೆಗಳಲ್ಲಿ ಮಲ್ಲಿಗೆ ಹಾರ ಇಂದಿಗೂ ಇದೆ. ಚೆಲುವಿಗಾಗಿ, ಸಂತೋಷಕ್ಕಾಗಿ, ದುಂದು ಮಾಡದೆ ಕಟ್ಟಿದ ಹೂವಿನ ಮಾಲೆಯಲ್ಲಿ ತಪ್ಪಿಲ್ಲ.

ಹಾಗಾದರೆ ಮೊಮ್ಮಗುವಿಗೆ ಏನು ಹೇಳಬೇಕು?

ಮೊದಲನೆಯದಾಗಿ, ಹ್ಯಾಲೋವೀನ್ ಮಾಲೆ ನಮ್ಮ ಬಾಗಿಲಿಗೆ ಬೇಡ. ಅದು ಬೇರೆ ನಂಬಿಕೆಯಿಂದ ಬೆಳೆದ ದಿನ. ಸತ್ತವರ ಆತ್ಮ ಅಲೆಯುತ್ತದೆ, ಮುಖವಾಡಕ್ಕೆ ಹೆದರುತ್ತದೆ ಎಂಬುದು ನಮ್ಮ ಅಕೀದಾ ಅಲ್ಲ. ನಿಮ್ಮ ಮನೆಗಳನ್ನು ಗೋರಿಗಳಂತೆ ಮಾಡಬೇಡಿರೆಂದೂ ಸೂರಃ ಅಲ್-ಬಕರಾ ಓದುವ ಮನೆಯಿಂದ ಶೈತಾನ ಓಡುತ್ತಾನೆಂದೂ ತಿಳಿಸಿದ ಪ್ರವಾದಿಯ(ಸ) ಉಮ್ಮತ್, ಕಾಗದದ ಗೋರಿಗಲ್ಲು ಕೊಂಡು ತಂದು ಮನೆಯನ್ನು ಸ್ಮಶಾನದಂತೆ ಅಲಂಕರಿಸುವುದೇ? ಇದನ್ನು ಮಗುವಿಗೆ ಗದರದೆ ಹೇಳಿರಿ. ಶಾಲೆಯಲ್ಲಿ ಕಾರ್ಯಕ್ರಮವಿದ್ದರೆ ಮೊದಲೇ ಹೋಗಿ ಶಿಕ್ಷಕರೊಂದಿಗೆ ವಿನಯದಿಂದ ಮಾತನಾಡಿರಿ. ಎಲ್ಲರ ಮುಂದೆ ಮಗು ಕುಗ್ಗುವಂತೆ ಮಾಡಬೇಡಿರಿ. ಆಚರಿಸುವ ನೆರೆಯವರನ್ನು ಹೀಯಾಳಿಸಬೇಡಿರಿ. ನಮ್ಮೂರಲ್ಲಿ ದೀಪಾವಳಿಗೆ, ಸಂಕ್ರಾಂತಿಗೆ ದನಗಳಿಗೆ ಹೂಮಾಲೆ ಹಾಕುವ ನೆರೆಯವರೊಂದಿಗೆ ಹೇಗೆ ಮರ್ಯಾದೆಯಿಂದ ಬಾಳುತ್ತೇವೆಯೋ ಅಲ್ಲಿಯೂ ಹಾಗೆಯೇ.

ಎರಡನೆಯದಾಗಿ, ಆ ಮಾತು ಹೇಳುವ ಮೊದಲು ಊರಿನ ಅಜ್ಜ ಅಜ್ಜಿಯರು ತಮ್ಮ ಬಾಗಿಲನ್ನು ಒಮ್ಮೆ ನೋಡಲಿ. ಮೇಲೆ ನಿಂಬೆ ಮೆಣಸಿನಕಾಯಿ ತೂಗುತ್ತಿದ್ದರೆ, ರಜೆಗೆ ಬಂದ ಮೊಮ್ಮಗು "ಇದು ಆಗುತ್ತದೆ, ಅದು ಏಕೆ ಆಗದು?" ಎಂದು ಕೇಳುತ್ತದೆ. ಆಗ ನಮ್ಮ ಬಳಿ ಉತ್ತರವಿರುವುದಿಲ್ಲ. ಮಗು ಕಲಿಯುವುದು ನಮ್ಮ ಮಾತಿನಿಂದಲ್ಲ, ನಮ್ಮ ಬಾಗಿಲಿನಿಂದ. ಅದನ್ನು ಬಿಸ್ಮಿಲ್ಲಾಹ್ ಹೇಳಿ ಇಳಿಸಿರಿ. ದೃಷ್ಟಿಯ ಭಯವಿದ್ದರೆ ಪ್ರವಾದಿ(ಸ) ಕೊಟ್ಟ ಮದ್ದಿದೆ: ಬೆಳಿಗ್ಗೆ ಸಂಜೆ ಸೂರಃ ಅಲ್-ಫಲಕ್ ಮತ್ತು ಅನ್ನಾಸ್, ಚೆಲುವಾದುದನ್ನು ಕಂಡಾಗ ಮಾಶಾ ಅಲ್ಲಾಹ್ ಮತ್ತು ಬರಕತ್ತಿನ ದುಆ. ಹಸನ್ ಮತ್ತು ಹುಸೈನ್(ರ)ರಿಗೆ ಅವರು ದುಆ ಓದಿ ಅಲ್ಲಾಹನ ರಕ್ಷಣೆ ಬೇಡುತ್ತಿದ್ದರು. ಇಬ್ರಾಹೀಮ್(ಅ) ತಮ್ಮ ಮಕ್ಕಳಿಗೆ ಹಾಗೆಯೇ ಬೇಡುತ್ತಿದ್ದರೆಂದೂ ತಿಳಿಸಿದರು.

ಮೂರನೆಯದಾಗಿ, ಮಗುವಿಗೆ ಬರೀ "ಬೇಡ" ಕೊಟ್ಟರೆ ಸಾಲದು. ಪ್ರವಾದಿ(ಸ) ಮದೀನಾಕ್ಕೆ ಬಂದಾಗ ಅಲ್ಲಿನವರಿಗೆ ಆಟಪಾಟದ ಎರಡು ದಿನಗಳಿದ್ದವು. ಅವಕ್ಕಿಂತ ಉತ್ತಮವಾದ ಎರಡು ದಿನಗಳನ್ನು ಅಲ್ಲಾಹನು ಕೊಟ್ಟಿದ್ದಾನೆಂದು ಹೇಳಿ ಎರಡು ಈದ್‌ಗಳನ್ನು ತಿಳಿಸಿದರು. ಅವರು ಒಂದನ್ನು ತೆಗೆದಾಗ ಕೈ ಬರಿದಾಗಿ ಬಿಡಲಿಲ್ಲ. ನಮ್ಮ ಮನೆಗಳಲ್ಲಿ ಈದ್ ಎಂದರೆ ಹೊಸ ಬಟ್ಟೆ, ಬಿರಿಯಾನಿ, ಮಧ್ಯಾಹ್ನದ ನಿದ್ದೆ ಎಂದಾಗಿದ್ದರೆ ಮಗು ಬೇರೆಯವರ ಬಾಗಿಲು ನೋಡುವುದು ಸಹಜ. ರಮಝಾನಿನ ಕೊನೆಯ ದಿನಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಬಣ್ಣದ ಕಾಗದ, ಕತ್ತರಿ, ಅಂಟು ಕೊಡಿರಿ. ಮಲ್ಲಿಗೆಯೋ ಚೆಂಡು ಹೂವೋ ತರಿಸಿ ಹೂ ಕಟ್ಟುವುದನ್ನು ಅಜ್ಜಿ ಕಲಿಸಲಿ. ಆಗ ಅವರಿಗೆ ಆಯಿಶಾ(ರ) ಉಣ್ಣೆಯ ಮಾಲೆ ಹೊಸೆದ ಕಥೆ ಹೇಳಿರಿ, ಹುದೈಬಿಯಾದ ಒಂಟೆಗಳ ಕಥೆ ಹೇಳಿರಿ. ಪಕ್ಕದ ಮನೆಗೆ ಸಿಹಿ ಕಳಿಸುವ ತಟ್ಟೆಯ ಜೊತೆ ಒಂದು ಮಾಲೆಯನ್ನೂ ಕಳಿಸಿರಿ.

ಅಲ್ಲಾಹನು ನಮ್ಮ ಬಾಗಿಲುಗಳನ್ನು ಭಯದ ಗುರುತುಗಳಿಂದ ಮುಕ್ತಗೊಳಿಸಲಿ, ನಮ್ಮ ಮಕ್ಕಳ ಮನಸ್ಸಿನಲ್ಲಿ ತೌಹೀದನ್ನೂ ಸಂತೋಷವನ್ನೂ ಒಟ್ಟಿಗೇ ನೆಲೆಗೊಳಿಸಲಿ. ಆಮೀನ್.