ಬೈಗುಳ

ಸಿಟ್ಟು, ನೋವು, ತಿರಸ್ಕಾರದಲ್ಲಿ, ಕೆಲವೊಮ್ಮೆ ಸಲಿಗೆಯಲ್ಲೂ ಆಡುವ ಒರಟು ಮಾತು. ಶಾಪ ಬೇರೆ, ‘ನಿನ್ನ ಮನೆ ಹಾಳಾಗ’ ಎಂಬುದು ಕೇಡು ಬಯಸುತ್ತದೆ, ಬೈಗುಳ ಎದುರಿನವರ ಮಾನಕ್ಕೆ ಕೈಹಾಕುತ್ತದೆ. ಕನ್ನಡದ ‘ಮುಂಡೇಮಗ’, ‘ಬೋಳಿಮಗ’ ಎಂಬ ಮಾತುಗಳನ್ನು ಬಿಡಿಸಿ ನೋಡಬೇಕು. ಮುಂಡೆ ಎಂದರೆ ವಿಧವೆ. ಬೋಳಿ ಎಂದರೆ ಗಂಡ ಸತ್ತಮೇಲೆ ತಲೆ ಬೋಳಿಸಿ ಕೂರಿಸಿದ ಹೆಣ್ಣು. ಜಗಳ ಇಬ್ಬರು ಗಂಡಸರದು, ಏಟು ಬೀಳುವುದು ಅಲ್ಲಿಲ್ಲದ ತಾಯಿಗೆ. ಬೈಗುಳದ ನಿಜವಾದ ತಪ್ಪು ಇರುವುದು ಇಲ್ಲಿ, ಅಶ್ಲೀಲತೆಯಲ್ಲಲ್ಲ. ಜಾತಿಯ ಹೆಸರನ್ನೇ ಬೈಗುಳ ಮಾಡುವುದು ಇನ್ನೂ ಕ್ರೂರ: ಪರಿಶಿಷ್ಟ ಜಾತಿ, ಪಂಗಡದವರನ್ನು ಇತರರು ನಾಲ್ಕು ಜನರೆದುರು ಹಾಗೆ ನಿಂದಿಸುವುದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ.

ಯಾರನ್ನೂ ಗುರಿ ಮಾಡದ ಬೈಗುಳದ ಮಾತು ಬೇರೆ. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ರಿಚರ್ಡ್ ಸ್ಟೀಫನ್ಸ್ ತಂಡದ 2009ರ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಕೊರೆಯುವ ನೀರಿನಲ್ಲಿ ಕೈಯಿಟ್ಟರು. ಸಾಮಾನ್ಯ ಪದ ಹೇಳಿದಾಗಿನದಕ್ಕಿಂತ ಬೈಗುಳ ಹೇಳಿದಾಗ ಹೆಚ್ಚು ಹೊತ್ತು ತಾಳಿಕೊಂಡರು. ಹೊಸ್ತಿಲಿಗೆ ಎಡವಿ ಬೆರಳು ಜಜ್ಜಿದಾಗ ಬಾಯಿಗೆ ಬರುವ ಮಾತಿನಿಂದ ಯಾರಿಗೂ ಗಾಯವಿಲ್ಲ. ಉತ್ತರ ಕರ್ನಾಟಕದಲ್ಲಿ ಹೋಳಿ ಹುಣ್ಣಿಮೆಗೆ ಬಾಯಿ ಬಡಿದುಕೊಂಡು ಬೈಯುವ ರೂಢಿಯೇ ಇದೆ. ಗೆಳೆಯರ ನಡುವೆ ‘ಲೇ ಮಗನ’ ಪ್ರೀತಿಯ ಕರೆ. ಅದನ್ನೇ ದಣಿ ಆಳಿಗೆ ಅಂದರೆ ಅವಮಾನ: ಆಳು ತಿರುಗಿ ಹಾಗೆ ಅನ್ನುವಂತಿಲ್ಲ.